ಬಾಯಿ ಎಷ್ಟು ಇಂಚು, ಕೈ ಎಷ್ಟು ಇಂಚು

ಕೈಮಾತು ಕಲಿಯಲು ನನಗೆ ಎರಡು ವರ್ಷ ಹಿಡಿಯಿತು. ಆರು ತಿಂಗಳಲ್ಲಿ ಮುಗಿಯಬೇಕಾದ ಕೆಲಸ. ಕಲಿಸಬೇಕಾದ ಕಿವುಡರು ನನ್ನನ್ನು ನಂಬಲಿಲ್ಲ, ನಾನು ಅವರನ್ನು ನಂಬಲಿಲ್ಲ, ಉಳಿದ ಒಂದೂವರೆ ವರ್ಷ ಅದಕ್ಕೇ ಖರ್ಚಾಯಿತು. ನನ್ನ ಆಯುಷ್ಯದಿಂದ ಖರ್ಚಾಗಿದ್ದರೆ ಬರೆಯುವ ಗೋಜಿಗೇ ಹೋಗುತ್ತಿರಲಿಲ್ಲ. ವ್ಯವಹಾರದಲ್ಲಿ ಇಂಥ ಲುಕ್ಸಾನು ಎಷ್ಟೋ ನೋಡಿದ್ದೇನೆ. ಖರ್ಚಾದದ್ದು ನನ್ನ ಮೊಮ್ಮಗಳ ವಯಸ್ಸು. ಬೆಟಗೇರಿಯ ಟೇಲರ್ ಮಾಸ್ತರರ ಅಂಗಡಿಯ ಮೆಟ್ಟಿಲನ್ನು ನಾನು ಮೊದಲ ಸಲ ಹತ್ತಿದಾಗ ಅವಳಿಗೆ ನಾಲ್ಕು. ಅವಳನ್ನು ಕೈಹಿಡಿದು ಹತ್ತಿಸಿದಾಗ ಐದೂವರೆ ದಾಟಿತ್ತು.

ಹುಡುಗಿಗೆ ಹುಟ್ಟಿನಿಂದ ಕಿವಿ ಕೇಳುವುದಿಲ್ಲ. ಡಾಕ್ಟರು ಕೊಟ್ಟ ಮಶೀನು ಹಾಕಿದರೆ ಕಿತ್ತೆಸೆದು ಅಳುತ್ತಿದ್ದಳು. ಮನೆಯಲ್ಲಿ ಊಟಕ್ಕೆ ಕುಳಿತಾಗ ಯಾರೋ ಏನೋ ಹೇಳುತ್ತಾರೆ, ಎಲ್ಲರೂ ನಗುತ್ತೇವೆ. ಅವಳು ಒಬ್ಬೊಬ್ಬರ ಮುಖ ನೋಡಿ ತಾಯಿಯ ಸೆರಗು ಜಗ್ಗುತ್ತಾಳೆ. ನನ್ನ ಸೊಸೆ ಅಂಗೈಯನ್ನು ಎರಡು ಸಲ ಅಲ್ಲಾಡಿಸುತ್ತಾಳೆ: ಏನಿಲ್ಲ, ಉಣ್ಣು. ಒಂದು ದಿನ ಹುಡುಗಿ ನಾವು ಯಾರೂ ನಗದಿದ್ದಾಗಲೂ ಜೋರಾಗಿ ನಕ್ಕಳು. ಎಲ್ಲರ ಬಾಯಿ ಆಡುತ್ತಿದೆಯಲ್ಲ, ನಗುವ ಮಾತೇ ಇರಬೇಕು ಎಂದುಕೊಂಡಿದ್ದಳು. ನಾವು ಆಗ ಆಡುತ್ತಿದ್ದದ್ದು ಹೊಂಬಳದಲ್ಲಿ ತೀರಿಕೊಂಡ ನಮ್ಮ ಕಾಕಾನ ಸುದ್ದಿ. ಟೇಲರ್ ಮಾಸ್ತರರೂ ಕಿವುಡರು, ರವಿವಾರ ಅವರ ಕಟ್ಟೆಯ ಮೇಲೆ ಕಿವುಡರು ಕೂಡುತ್ತಾರೆ ಎಂದು ಕೇಳಿದ್ದೆ. ಮಾರನೆಯ ರವಿವಾರವೇ ಬೆಟಗೇರಿಗೆ ಹೋದೆ.

ಮಾಸ್ತರರು ಹೋದ ತಿಂಗಳು ತೀರಿಕೊಂಡರು. ಅವರ ಹೆಸರು ಬರೆಯುವುದಿಲ್ಲ. ಬರೆದರೂ ಅದು ರೇಷನ್ ಕಾರ್ಡಿನ ಹೆಸರು, ಅವರೇ ಒಮ್ಮೆಯೂ ಕೇಳದ ಹೆಸರು. ಬಲ್ಲವರು ಅವರನ್ನು ಕರೆಯುತ್ತಿದ್ದ ರೀತಿ ಬೇರೆ: ಎರಡೂ ಮುಷ್ಟಿಗಳನ್ನು ಕೊರಳ ಎರಡು ಬದಿಗೆ ಇಟ್ಟು, ಅಲ್ಲಿ ನೇತಾಡುವ ಅಳತೆ ಟೇಪನ್ನು ಕೆಳಗೆ ಜಗ್ಗಿದಂತೆ ಮಾಡುವುದು. ಅಷ್ಟು ಮಾಡಿದರೆ ಲಕ್ಷ್ಮೇಶ್ವರದಲ್ಲಿ, ಶಿರಹಟ್ಟಿಯಲ್ಲಿ, ಮುಂಡರಗಿಯಲ್ಲಿ ಇರುವ ಕಿವುಡರಿಗೆಲ್ಲ ಯಾರೆಂದು ತಿಳಿಯುತ್ತಿತ್ತು. ರವಿವಾರ ಮಧ್ಯಾಹ್ನದ ಬಸ್ಸಿಗೆ ಅವರೆಲ್ಲ ಬಂದು ಇಳಿಯುತ್ತಿದ್ದರು. ಮಾಸ್ತರರು ಹೊಲಿಗೆ ಯಂತ್ರಗಳಿಗೆ ಬಟ್ಟೆ ಹೊದಿಸಿ, ಬೆಂಚು ಹೊರಗೆ ಹಾಕಿ, ಪಕ್ಕದ ಚಹಾದಂಗಡಿಗೆ ಬೆರಳೆತ್ತಿ ಎಷ್ಟು ಗ್ಲಾಸು ಎಂದು ತೋರಿಸುತ್ತಿದ್ದರು. ಕತ್ತಲಾಗುವವರೆಗೆ ಆ ಕಟ್ಟೆಯ ಮೇಲೆ ಇಪ್ಪತ್ತು ಜನರ ಕೈಗಳು ಆಡುತ್ತಿದ್ದವು. ಬೀದಿಯಲ್ಲಿ ಹೋಗುವವರಿಗೆ ಕೇಳಿಸುತ್ತಿದ್ದದ್ದು ಗ್ಲಾಸಿನ ಸದ್ದು, ಆಗೊಮ್ಮೆ ಈಗೊಮ್ಮೆ ನಗು, ಅಷ್ಟೇ.

ಅಂಗಡಿಯಲ್ಲಿ ಮೂರು ಕನ್ನಡಿಗಳಿದ್ದವು. ಗಿರಾಕಿಗಳು ಹೊಸ ಅಂಗಿ ಹಾಕಿ ನೋಡಿಕೊಳ್ಳಲು ಎಂದು ನಾನು ತಿಳಿದಿದ್ದೆ. ಗಿರಾಕಿಗಳಿಗೆ ಇದ್ದದ್ದು ಒಂದೇ. ಉಳಿದೆರಡು, ಯಂತ್ರದ ಮುಂದೆ ಬಾಗಿ ಕುಳಿತಾಗ ಬೆನ್ನ ಹಿಂದೆ ಯಾರು ಬಂದರು, ಬಂದವರು ತಮ್ಮತಮ್ಮಲ್ಲಿ ಏನು ಮುಖ ಮಾಡಿಕೊಂಡರು ಎಂದು ನೋಡಲು. ಇದು ತಿಳಿಯುವ ಹೊತ್ತಿಗೆ ಆ ಕನ್ನಡಿಗಳಲ್ಲಿ ನನ್ನ ಎಷ್ಟು ಮುಖಗಳು ಬಿದ್ದಿದ್ದವೋ.

ನಾನು ದನದ ಸಂತೆಯಲ್ಲಿ ದಲಾಲಿ ಮಾಡುತ್ತ ಮೇಲೆ ಬಂದವನು. ಈಗ ಹಳೆಯ ಟ್ರ್ಯಾಕ್ಟರು, ಟ್ರೇಲರುಗಳನ್ನು ಕೊಡಿಸುವ, ಮಾರಿಸುವ ಕೆಲಸ. ಸಂತೆಯಲ್ಲಿ ಎತ್ತಿನ ದರ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಕೊಳ್ಳುವವನ ಕೈ, ದಲಾಲಿಯ ಕೈ ಕೂಡಿಸಿ ಮೇಲೆ ಟವೆಲ್ ಹಾಕುತ್ತೇವೆ. ಒಳಗೆ ಬೆರಳು ಹಿಡಿದು, ಬೆರಳು ಮಡಿಸಿ ದರ ಹೇಳುತ್ತೇವೆ. ಸುತ್ತ ನಿಂತವರಿಗೆ ಟವೆಲ್ ಅಲ್ಲಾಡುವುದಷ್ಟೇ ಕಾಣುತ್ತದೆ. ಆಮೇಲೆ ಅದೇ ಟವೆಲನ್ನು ಮಾರುವವನ ಕೈಮೇಲೆ ಹಾಕಿ ಬೇರೆ ದರ ಹೇಳುವುದು ನಮ್ಮ ವಿದ್ಯೆ. ಹೀಗಾಗಿ ಬೆರಳಿನ ಮಾತು ಅಂದರೆ ನನಗೆ ಅರ್ಧ ಬಂದೇ ಬಿಟ್ಟಿದೆ ಎಂಬ ಧಿಮಾಕಿತ್ತು.

ಮೊದಲ ದಿನ ಕಟ್ಟೆಯ ಮೇಲೆ ಅಷ್ಟು ಜನ ಕುಳಿತಿದ್ದರು. ಎಲ್ಲರೆದುರು ನಾನು ಬಂದ ಕೆಲಸ ಹೇಳಿಕೊಳ್ಳಲು ಮನಸ್ಸಾಗಲಿಲ್ಲ. ಮಾಸ್ತರರ ಪಕ್ಕ ಕುಳಿತೆ, ಹೆಗಲ ಮೇಲಿನ ಟವೆಲ್ ತೆಗೆದು ಅವರ ಕೈಮೇಲೆ ಹಾಕಿದೆ, ಒಳಗೆ ಅವರ ಬೆರಳು ಹಿಡಿದೆ.

ಮಾಸ್ತರರು ಬೆಂಕಿ ಮುಟ್ಟಿದವರ ಹಾಗೆ ಕೈ ಕಿತ್ತುಕೊಂಡರು. ಆಡುತ್ತಿದ್ದ ಇಪ್ಪತ್ತು ಜೊತೆ ಕೈಗಳೂ ನಿಂತವು. ಸಂತೆಯಲ್ಲಿ ಟವೆಲ್ ಹಾಕುವುದು ಮರ್ಯಾದೆ. ಅಲ್ಲಿ ಅದು, ತುಂಬಿದ ಸಭೆಯಲ್ಲಿ ಒಬ್ಬನ ಬಾಯಿಗೆ ಕೈ ಅಡ್ಡ ಹಿಡಿದ ಹಾಗೆ. ನನಗೆ ಅದು ತಿಳಿಯುವ ಮೊದಲೇ ಲಕ್ಷ್ಮೇಶ್ವರದ ರೊಟ್ಟಿ ಅಕ್ಕ ಎಡಗೈ ಚಾಚಿ, ಬಲಗೈಯಿಂದ ಅದರ ಮೇಲೆ ಬಟ್ಟೆ ಹೊದಿಸಿದಂತೆ ಮಾಡಿ, ಗದ್ದದಿಂದ ನನ್ನ ಕಡೆ ತೋರಿಸಿದಳು. ಅವಳೂ ಕಿವುಡಿ, ಖಡಕ್ ರೊಟ್ಟಿ ಬಡಿದು ಮಾರುತ್ತಾಳೆ. ಎಲ್ಲರೂ ನಕ್ಕರು. ಅದು ನನ್ನ ಹೆಸರಾಯಿತು. ಇವತ್ತಿಗೂ ಅದೇ ಹೆಸರು.

ಹೆಸರು ಬದಲಿಸಿಕೊಳ್ಳಲು ನಾನು ಆಮೇಲೆ ಬಹಳ ಎಳೆದಾಡಿದೆ. ಮೀಸೆ ತೋರಿಸಿದೆ, ಟ್ರ್ಯಾಕ್ಟರಿನ ಸ್ಟೇರಿಂಗ್ ತಿರುಗಿಸಿ ತೋರಿಸಿದೆ, ಇದನ್ನು ಇಡಿ ಎಂದೆ. ಮಾಸ್ತರರು ತಲೆ ಅಡ್ಡಡ್ಡ ಆಡಿಸಿದರು. "ಇಟ್ಟ ಹೆಸರು ಇಟ್ಟಂಗ. ಇದರಾಗ ಚೌಕಾಶಿ ಇಲ್ಲ," ಎಂದರು. ಕೈಮಾತನ್ನು ನಮ್ಮ ಬಾಯಿಮಾತಿಗೆ ಇಳಿಸಿ ಬರೆಯುತ್ತಿದ್ದೇನೆ. ಅವರು ನನ್ನನ್ನು ನೀ ಅಂದರೋ ನೀವು ಅಂದರೋ ಎಂದು ಮೊದಮೊದಲು ಬಹಳ ತಲೆ ಕೆಡಿಸಿಕೊಳ್ಳುತ್ತಿದ್ದೆ. ಬೆರಳು ಚಾಚಿದರೆ ಎರಡೂ ಒಂದೇ. ಮರ್ಯಾದೆ ಇದೆಯೋ ಇಲ್ಲವೋ ಎಂದು ಮುಖ ನೋಡಿ ತಿಳಿದುಕೊಳ್ಳಬೇಕು, ಆ ಮುಖವೋ ನನ್ನ ಕಡೆ ತಿರುಗಿದಾಗ ಬಾಗಿಲು ಮುಚ್ಚಿದ ಅಂಗಡಿಯ ಹಾಗಿರುತ್ತಿತ್ತು.

ಪ್ರತಿ ರವಿವಾರ ಹೋದೆ. ಯಾಕೆ ಬಂದೆ ಎಂದು ರೊಟ್ಟಿ ಅಕ್ಕ ಪ್ರತಿ ರವಿವಾರ ಕೇಳಿದಳು. "ನಿನ್ನ ಕಿವಿ ಚಲೋ ಅದಾವು. ಇಲ್ಲೆ ನಿಂದೇನ ಕೆಲಸ? ಯಾರ ಕಡಿಯಾಂವ ನೀ?"

"ಸುಮ್ನ. ಕಲಿಯೋ ಹವ್ಯಾಸ," ಎಂದು ತೋರಿಸಿದೆ.

ಮೊಮ್ಮಗಳ ಮಾತು ಎತ್ತಲೇ ಇಲ್ಲ. ಇಲ್ಲಿ ನನ್ನ ಕಸುಬಿನ ಗುಟ್ಟು ಹೇಳಬೇಕು: ನಿನಗೆ ಎತ್ತು ಬೇಕೇ ಬೇಕು ಎಂದು ಮಾರುವವನಿಗೆ ತಿಳಿದರೆ ನೀನು ಸತ್ತೆ. ಹಲ್ಲು ನೋಡು, ಗೊರಸು ನೋಡು, ಆಕಳಿಸು, ಹೊರಡು. ಅವನೇ ಕರೆಯಬೇಕು. ಮೂವತ್ತು ವರ್ಷ ಹೀಗೇ ಬದುಕಿದವನು ಟೇಲರ್ ಅಂಗಡಿಯ ಕಟ್ಟೆಯ ಮೇಲೂ ಆಕಳಿಸುತ್ತ ಕುಳಿತೆ. ಜೊತೆಗೆ ನಾಚಿಕೆಯೂ ಇತ್ತು, ಅದನ್ನೂ ಹೇಳಿಬಿಡುತ್ತೇನೆ. ಮನೆಯಲ್ಲಿ ಇಂಥ ಕೂಸು ಇದೆ ಎಂದು ಪೇಟೆಯಲ್ಲಿ ಬಹಳ ಜನರಿಗೆ ಗೊತ್ತಿರಲಿಲ್ಲ.

ಅವರಿಗೆ ನನ್ನ ಮೇಲೆ ಸಂಶಯ, ನನಗೆ ಅವರ ಮೇಲೆ. ನಾನು ಹೋದ ಕೂಡಲೇ ಕೈಗಳ ವೇಗ ಬದಲಾಗುತ್ತಿತ್ತು. ನನ್ನೊಂದಿಗೆ ಮಾತಾಡುವಾಗ ಕೂಸಿಗೆ ಅನ್ನ ಕಲಸಿ ಕೊಟ್ಟ ಹಾಗೆ ನಿಧಾನವಾಗಿ, ತುಟಿ ಬೇರೆ ಆಡಿಸಿ ತೋರಿಸುತ್ತಿದ್ದರು. ಆ ಮಾತು ಮುಗಿದದ್ದೇ ತಡ, ತಮ್ಮತಮ್ಮಲ್ಲಿ ಮಶೀನಿನ ಸೂಜಿ ಓಡಿದಂತೆ ಓಡಿಸುತ್ತಿದ್ದರು. ನಡುವೆ ಆ ಟವೆಲಿನ ಸನ್ನೆ ಫಕ್ಕನೆ ಬಂದು ಹೋಗುತ್ತಿತ್ತು. ನನ್ನ ಹೆಸರು! ಏನಂದರು? ಎರಡು ಜನ ದಲಾಲರು ಮೂರನೆಯವನು ಬಂದ ಕೂಡಲೇ ಮಳೆಯ ಮಾತು ಶುರು ಮಾಡುವುದನ್ನು ನಾನು ನೋಡಿಲ್ಲವೇ? ಅದೇ ಆಟ ಎನಿಸುತ್ತಿತ್ತು.

ನಾನೂ ಬಿಡಲಿಲ್ಲ. ಬೆನ್ನು ತಿರುಗಿಸಿ ಚಹಾದಂಗಡಿಯವನೊಂದಿಗೆ ಬಾಯಿಮಾತು ಆಡುತ್ತಿದ್ದೆ.

"ಇವ್ರೇನ ನನ್ನ ಬಗ್ಗೇನ ಮಾತಾಡಾಕತ್ತಾರೇನಪಾ?"

"ಯಾರಿಗ್ಗೊತ್ರಿ ಅಣ್ಣಾರ? ಹತ್ತು ವರ್ಸಾತು ನಾ ಚಾ ಕುಡಸಾಕತ್ತು. ನನ್ನ ಚಾಕ್ಕ ಬೈತಾರೋ ಹೊಗಳ್ತಾರೋ ಅದೂ ಗೊತ್ತಾಗಿಲ್ಲ."

ತಿರುಗಿ ನೋಡಿದರೆ ಮಾಸ್ತರರು ಕನ್ನಡಿಯೊಳಗಿಂದ ನನ್ನ ತುಟಿಗಳನ್ನೇ ನೋಡುತ್ತಿದ್ದಾರೆ. "ಏನಂದಿ ಅವಂಗ?" ಎಂದು ಹುಬ್ಬೆತ್ತಿ ಕೇಳಿದರು. ನಾನು ಅಂಗೈ ಎರಡು ಸಲ ಅಲ್ಲಾಡಿಸಿದೆ. ಏನಿಲ್ಲ. ಮಾಸ್ತರರ ಮುಖ ಸಣ್ಣದಾಯಿತು. ನನ್ನ ಮೊಮ್ಮಗಳ ಮುಖ ದಿನಕ್ಕೆ ಹತ್ತು ಸಲ ಹಾಗೆಯೇ ಸಣ್ಣದಾಗುವುದನ್ನು ನಾನು ಮನೆಯಲ್ಲಿ ನೋಡುತ್ತಿದ್ದೆ, ಆದರೂ ಆ ಕ್ಷಣ ಅದು ನೆನಪಾಗಲಿಲ್ಲ.

ಮಾಸ್ತರರಿಗೆ, ಕಿವಿ ಕೇಳುವ ಜನರನ್ನು ಅಳೆಯುವ ಒಂದು ರೀತಿ ಇತ್ತು. ಅದು ನನಗೆ ತಿಳಿದದ್ದು ಒಂದು ಜಂಪರಿನ ಜಗಳದಲ್ಲಿ. ನಾನು ಹೋಗಲು ಶುರು ಮಾಡಿ ಒಂದೂವರೆ ವರ್ಷವಾಗಿತ್ತು, ಅಷ್ಟಿಷ್ಟು ಕೈ ಆಡುತ್ತಿತ್ತು. ಒಬ್ಬ ಗಿರಾಕಿ ಹೆಂಡತಿಯ ಜಂಪರು ಹಿಡಿದು ಬಂದು ಕಟ್ಟೆಯ ಮೇಲೆ ಎಸೆದ.

"ತೋಳು ಬಿಗೀ ಆಗ್ಯಾವು. ಆ ಮೂಗಗ ಹೇಳ್ರಿ. ಕಿವಿ ಇಲ್ಲ ಅಂದ್ರ ಕಣ್ಣೂ ಇಲ್ಲೇನಂತ ಕೇಳ್ರಿ. ಪಾಪ ಅಂತ ಬಟ್ಟಿ ಕೊಟ್ಟರ ಇಂತಾ ಹೊಲಿಗಿ ಹೊಲೀತಾನ. ಇಂತಾವ್ರ ಕಡೆ ಕೊಡಬಾರದಂತ ನಮ್ಮಾಕಿ ಬಡಕೊಂಡ್ಲು!"

ಮಾಸ್ತರರು ನನ್ನ ಕಡೆ ನೋಡಿದರು. ನಾನು ನಗುಮುಖ ಮಾಡಿ ಕೈಯಲ್ಲಿ ಇಷ್ಟೇ ಹೇಳಿದೆ: ತೋಳು ಬಿಗಿ. ಸಡಿಲ ಮಾಡಬೇಕಂತೆ.

ಮಾಸ್ತರರು ಎದ್ದರು. ಕೊರಳಿನ ಟೇಪು ತೆಗೆದರು. ಒಂದು ತುದಿಯನ್ನು ಗಿರಾಕಿಯ ಬಾಯಿಯ ಮುಂದೆ ಹಿಡಿದು ಇಡೀ ಟೇಪನ್ನು ಕೈಚಾಚಿ ಉದ್ದಕ್ಕೆ ಎಳೆದರು. ಆಮೇಲೆ ನನ್ನ ಬೆರಳುಗಳ ಮುಂದೆ ಎರಡು ಇಂಚು ಹಿಡಿದು ತೋರಿಸಿದರು. ಬಾಯಿ ಇಷ್ಟು, ಕೈ ಇಷ್ಟು. ಉಳಿದ ಬಟ್ಟೆ ಎಲ್ಲಿ?

ಟೇಲರನು ಬಟ್ಟೆ ಕದಿಯುತ್ತಾನೆ ಎಂದು ಊರೆಲ್ಲ ಅನುಮಾನ ಪಡುತ್ತದೆ. ಅವತ್ತು ಟೇಲರನೇ ನನ್ನನ್ನು ಹಿಡಿದಿದ್ದ.

ಬೆವರು ಒರೆಸಿಕೊಂಡು ಪೂರಾ ಹೇಳಿದೆ. ಮೂಗ ಎಂದದ್ದನ್ನು, ಪಾಪ ಎಂದದ್ದನ್ನು, ಅವನ ಹೆಂಡತಿ ಬಡಕೊಂಡದ್ದನ್ನು. ಮಾಸ್ತರರಿಗೆ ಸಿಟ್ಟು ಬರುತ್ತದೆ ಎಂದುಕೊಂಡಿದ್ದೆ. ಅವರು ಗಿರಾಕಿಯನ್ನು ಮೇಲಿನಿಂದ ಕೆಳಗೆ ನೋಡಿ, ಜಂಪರು ಎತ್ತಿಕೊಂಡು, ನನಗೆ ಹೇಳಿದರು: "ಅವಂಗ ಹೇಳು. ಅಳತಿ ತಂದ ಜಂಪರು ಮದುವಿ ವರ್ಸದ್ದು. ಹೆಂಡ್ತಿ ತೋಳು ಈ ವರ್ಸದ್ದು. ಗಂಡನ ಕಣ್ಣಿಗೆ ಅದು ಕಂಡಿಲ್ಲ ಅಂದ್ರ ಟೇಲರಗ ಎಲ್ಲಿ ಕಾಣಬೇಕು? ಒಂದಿಂಚೂ ಬಿಡದಂಗ ಹೇಳು."

ಒಂದಿಂಚೂ ಬಿಡದೆ ಹೇಳಿದೆ. ಗಿರಾಕಿಗೇ ನಗು ಬಂತು. "ಬಾಳ ಶಾಣ್ಯಾ ಅದಾನಪಾ ಇಂವಾ," ಎಂದ. ಅದನ್ನೂ ಹೇಳಿದೆ.

ಅವನು ಹೋದ ಮೇಲೆ ಮಾಸ್ತರರು ಬೆಂಚಿನ ಮೇಲೆ ಕುಳಿತು ತಮ್ಮ ಕಥೆ ಹೇಳಿದರು. ಅವರ ಹರೆಯದಲ್ಲಿ ಮುಂಡರಗಿಗೆ ಹೆಣ್ಣು ನೋಡಲು ಹೋಗಿದ್ದರಂತೆ. ಹುಡುಗಿ ಕಿವಿ ಕೇಳುವವಳು. ಅವಳ ಎದುರು ಚಾಪೆಯ ಮೇಲೆ ಮಾಸ್ತರರ ಅಣ್ಣ ಕುಳಿತಿದ್ದ. ಅವರ ಮನೆಯಲ್ಲಿ ಕೈಮಾತು ಬರುತ್ತಿದ್ದದ್ದು ಅವನೊಬ್ಬನಿಗೇ. ಹುಡುಗಿ ಇವರ ಕಡೆ ನೋಡುತ್ತ ಏನೋ ಹೇಳಿದಳು, ಬಹಳ ಹೊತ್ತು ಹೇಳಿದಳು, ನಡುವೆ ತನ್ನ ಎರಡು ಕೈಗಳನ್ನೂ ಎತ್ತಿ ತೋರಿಸಿದಳು. ಅಣ್ಣ ಅದಕ್ಕಿಂತ ಉದ್ದ ಮಾತಾಡಿದ. ಎದ್ದು ಹೊರಗೆ ಬಂದ ಮೇಲೆ "ಏನಂದ್ಲು?" ಎಂದು ಇವರು ಕೇಳಿದರು. ಅಣ್ಣ ಅಂಗೈ ಎರಡು ಸಲ ಅಲ್ಲಾಡಿಸಿದ. ಏನಿಲ್ಲ, ಊರಿಗೆ ಹೋಗೋಣ.

"ಬ್ಯಾಡ ಅಂದಿದ್ರ ಬ್ಯಾಡ ಅನ್ನೋದು ಎರಡಿಂಚಿನ ಮಾತು," ಎಂದರು ಮಾಸ್ತರರು. "ಆಕಿ ಒಂದು ಗಜ ಮಾತಾಡಿದ್ಲು. ಉಳದದ್ದೇನು? ನಲವತ್ತ ವರ್ಸಾತು, ಅಣ್ಣನ್ನ ಕೇಳಿದಾಗೆಲ್ಲ ಮರತೀನಿ ಅಂತಾನ."

ಆಮೇಲೆ ಅವರಿಗೆ ಮದುವೆ ಆಗಲಿಲ್ಲ. ಅಂದಿನಿಂದ ಯಾವ ಕೇಳುವವನು ಕೈಮಾತು ಕಲಿಯಲು ಬಂದರೂ ಮಾಸ್ತರರು ಅವನ ಸನ್ನೆ ಚಲೋ ಇದೆಯೋ ಕೆಟ್ಟದಿದೆಯೋ ನೋಡುತ್ತಿರಲಿಲ್ಲ. ಬಾಯಿ ಎಷ್ಟು ಇಂಚು, ಕೈ ಎಷ್ಟು ಇಂಚು, ಅಷ್ಟೇ ನೋಡುತ್ತಿದ್ದರು. ನನ್ನಂಥ ದಲಾಲಿ ಅವರ ಟೇಪಿಗೆ ಹೊಂದುವುದು ಹೇಗೆ? ಆ ಕಡೆಗೆ ಒಂದು, ಈ ಕಡೆಗೆ ಇನ್ನೊಂದು ಹೇಳಿ ನಡುವೆ ಉಳಿದದ್ದನ್ನು ಉಣ್ಣುವುದೇ ನನ್ನ ಕಸುಬು.

ಆ ದಿನ ಜನ ಚದುರಿದ ಮೇಲೆ ನಾನು ಎಂದಿನಂತೆ ಒಂದೆರಡು ಸನ್ನೆ ಕೇಳಿದೆ. ಬೆಕ್ಕಿನ ಮರಿಗೆ ಏನು? ಜಡೆ ಹಾಕುತ್ತೇನೆ ಬಾ ಎನ್ನುವುದು ಹೇಗೆ? ಮಾಸ್ತರರು ಎರಡನ್ನೂ ತೋರಿಸಿದರು. ಆಮೇಲೆ ನನ್ನ ಕಣ್ಣಲ್ಲಿ ಕಣ್ಣಿಟ್ಟು, "ಎಷ್ಟು ವಯಸ್ಸು ಆಕಿಗೆ?" ಎಂದು ಕೇಳಿದರು.

ಯಾರಿಗೆ ಎಂದು ಹುಬ್ಬೆತ್ತಿದೆ.

"ಟ್ರ್ಯಾಕ್ಟರ್ ಮಾರೋ ಗಂಡಸು. ವರ್ಸದಿಂದ ಕೇಳಾಕತ್ತೀ. ಹಾಲು, ಗೊಂಬಿ, ಅಂಜಬ್ಯಾಡ, ಉಚ್ಚಿ ಬಂತೇನು, ಬೆಕ್ಕಿನ ಮರಿ. ಅಲ್ಲೋ, ಟ್ರ್ಯಾಕ್ಟರಿಗೆ ಜಡಿ ಹಾಕ್ತೀಯೇನು?"

ನನಗೆ ಸಿಟ್ಟು ಬಂತು. ಗೊತ್ತಿತ್ತೇನು ನಿಮಗೆ? ವರ್ಷದಿಂದ ಗೊತ್ತಿದ್ದೂ ಯಾಕೆ ಕೇಳಲಿಲ್ಲ? ಅವಸರಕ್ಕೆ ಸನ್ನೆ ಎಲ್ಲ ಕಲಸುಮೇಲೋಗರ ಆಯಿತು.

"ಗಂಟು ನಿಂದು. ನೀನ ಬಿಚ್ಚಬೇಕು. ಟವೆಲ್ಲಿನ ಕೆಳಗ ಇಟಗೊಂಡಿದ್ದಿ, ನಾ ಯಾಕ ಕೈ ಹಾಕಲಿ?" ಎಂದರು ಮಾಸ್ತರರು. ಆಮೇಲೆ ತಮ್ಮ ಎದೆ ತಟ್ಟಿಕೊಂಡರು. "ನಾನೂ ತಪ್ಪಿದೆ. ನಿನ್ನ ಆಟ ನೋಡಬೇಕಂತ ಕುಂತೆ. ಕೂಸಿಂದು ಒಂದೂವರಿ ವರ್ಸ ಹೋತು. ಅರ್ಧ ನಿಂದು, ಅರ್ಧ ನಂದು."

ಲುಕ್ಸಾನಿನಲ್ಲಿ ತಾನಾಗಿ ಅರ್ಧ ಹೊತ್ತುಕೊಂಡ ಮನುಷ್ಯನನ್ನು ನಾನು ಅದುವರೆಗೆ ನೋಡಿರಲಿಲ್ಲ.

ಮನೆಯಲ್ಲಿ ಹೇಳಿದಾಗ ಸೊಸೆ ಅಡುಗೆಮನೆಯಿಂದಲೇ ಒದರಿದಳು. "ಬ್ಯಾಡ್ರಿ ಮಾವಾರ. ಕೈ ಕಲತ್ಲಂದ್ರ ಬಾಯಿ ಬರಂಗಿಲ್ಲ ಆಕಿಗೆ. ನಾಕ ಮಂದಿಯೊಳಗ ಹಂಗ ಕೈ ತಿರುವಿದ್ರ ಏನಂತಾರ? ಅವ್ರು ಎಂಥಾ ಮಂದಿಯೋ ಏನೋ."

"ನೀನೂ ಬಾರವಾ. ನೋಡು, ಸೇರಲಿಲ್ಲಂದ್ರ ಬಿಡು," ಎಂದೆ. ಬಂದಳು. ಬಂದು ಕಟ್ಟೆಯ ತುದಿಗೆ ಚೀಲ ಮಡಿಲಲ್ಲಿಟ್ಟುಕೊಂಡು, ಬಸ್ಸಿಗೆ ಕಾಯುವವರ ಹಾಗೆ ಕುಳಿತಳು. ಹುಡುಗಿ ಅವಳ ಬೆನ್ನಿಗೆ ಅಂಟಿಕೊಂಡಿತು.

ಮಾಸ್ತರರು ಅವಳನ್ನು ನೋಡಲೂ ಇಲ್ಲ, ಕರೆಯಲೂ ಇಲ್ಲ. ಒಳಗೆ ಹೋಗಿ, ಉಳಿದ ತುಂಡುಬಟ್ಟೆಯ ಮೇಲೆ ಸೀಮೆಸುಣ್ಣದಿಂದ ಬೆಕ್ಕು ಬರೆದು, ಕತ್ತರಿಯಿಂದ ಕತ್ತರಿಸತೊಡಗಿದರು. ಕಿವಿ ಕತ್ತರಿಸಿದರು, ಬಾಲ ಕತ್ತರಿಸಿದರು. ಹುಡುಗಿ ತಾಯಿಯ ಬೆನ್ನಿನಿಂದ ಬಾಗಿಲಿಗೆ, ಬಾಗಿಲಿನಿಂದ ಮೇಜಿಗೆ ಬಂದಳು. ಆಗ ಮಾಸ್ತರರು ಕೆನ್ನೆಯ ಮೇಲೆ ಎರಡು ಬೆರಳಿನಿಂದ ಮೀಸೆ ಎಳೆದು ತೋರಿಸಿದರು. ಅವಳು ಎಳೆದಳು. ನಾನು ಮನೆಯಲ್ಲಿ ಕಳ್ಳರ ಹಾಗೆ ಕಲಿಸಿದ್ದ ಅದೇ ಸನ್ನೆ. ಆ ಸನ್ನೆ ಬೇರೆಯವರಿಗೂ ಗೊತ್ತಿದೆ ಎಂದು ತಿಳಿದದ್ದೇ ಅವಳ ಕಣ್ಣು ದೊಡ್ಡವಾದವು. ಅಜ್ಜ ಕಟ್ಟಿದ ಆಟವಲ್ಲ, ಜಗತ್ತಿನಲ್ಲಿ ನಡೆಯುವ ಮಾತು ಅದು. ತಿರುಗಿ ಕಟ್ಟೆಗೆ ಓಡಿ ಇಪ್ಪತ್ತು ಜನರಿಗೂ ಬೆಕ್ಕು, ಬೆಕ್ಕು ಎಂದು ತೋರಿಸಿದಳು. ಇಪ್ಪತ್ತು ಜನರೂ ಬೆಕ್ಕು ಎಂದು ತಿರುಗಿ ಹೇಳಿದರು. ಸೊಸೆ ಚೀಲವನ್ನು ಮಡಿಲಿನಿಂದ ಕೆಳಗೆ ಇಟ್ಟಳು.

ರೊಟ್ಟಿ ಅಕ್ಕ ನನ್ನ ಬಳಿ ಬಂದಳು. "ಇದನ್ನ ಮೊದಲ ದಿನಾನ ಹೇಳಾಕ ನಿಂಗೇನಾಗಿತ್ತು ಧಾಡಿ?" ಎಂದಳು. ಮುಖದಲ್ಲಿ ಬಾಗಿಲು ತೆರೆದಿತ್ತು, ಆದರೂ ಅರ್ಧವೇ. ಇವತ್ತಿಗೂ ಅರ್ಧವೇ. ಕೇಳುವವನಿಗೆ ಅಷ್ಟು ಸಾಕು ಎಂದು ಅವಳ ಲೆಕ್ಕ.

ಬಿಂಕದಕಟ್ಟಿಯ ಪ್ರಾಣಿಗಳನ್ನು ನೋಡಲು ಒಮ್ಮೆ ಎಲ್ಲರೂ ಕೂಡಿ ಹೋಗಿದ್ದೆವು. ಹುಡುಗಿ ಒಂದೊಂದು ಪಂಜರದ ಮುಂದೆ ನಿಂತು ಹೆಸರು ಕೇಳುತ್ತಿದ್ದಳು. ಬಂದ ಜನ ಪ್ರಾಣಿ ಬಿಟ್ಟು ನಮ್ಮ ಕೈಗಳನ್ನು ನೋಡತೊಡಗಿದರು. ನನ್ನ ಕೈಗಳು ತಾವಾಗಿ ಹೊಟ್ಟೆಯ ಕೆಳಗೆ ಇಳಿದವು. ಮಾಸ್ತರರು ನನ್ನ ಮೊಣಕೈ ಹಿಡಿದು ಮೇಲೆತ್ತಿ, "ನೋಡಲಿ. ಟಿಕೀಟು ತಗದಾರಲ್ಲ," ಎಂದರು. ಆ ಹೊತ್ತಿಗೆ ಪೇಟೆಯ ಒಬ್ಬ ವ್ಯಾಪಾರಿ ಎದುರಾಗಿ, ಇವರೆಲ್ಲ ಯಾರು, ಈ ಕೂಸು ಯಾರದು ಎಂದು ಕೇಳಿದ. ನನ್ನ ಮೊಮ್ಮಗಳು ಎಂದೆ. ಬಾಯಿಯಲ್ಲಿ ಹೇಳುತ್ತಲೇ ಕೈಯಲ್ಲೂ ಹೇಳಿದೆ. ಮಾಸ್ತರರು ಟೇಪು ಹಿಡಿದಂತೆ ಎರಡೂ ಕೈ ಅಗಲಿಸಿದರು. ಎರಡೂ ಸಮ.

ಅವರು ತೀರಿಕೊಂಡದ್ದು ಯಂತ್ರದ ಮುಂದೆಯೇ, ಕುಳಿತಲ್ಲೇ. ಮೂರನೆಯ ದಿನ ಹಳ್ಳಿಯಲ್ಲಿರುವ ಅವರ ಅಣ್ಣನ ಮನೆಗೆ ನಾವೆಲ್ಲ ಹೋದೆವು. ಕೇಳುವ ಬಂಧುಗಳು ಪಡಸಾಲೆಯಲ್ಲಿ ಕುಳಿತರು, ಕಿವುಡರು ಅಂಗಳದಲ್ಲಿ. ನಾನು ಹೊಸ್ತಿಲ ಮೇಲೆ. ಮೊಮ್ಮಗಳು ನನ್ನ ಪಕ್ಕದಲ್ಲಿ. ಅಂಗಳದಲ್ಲಿ ಮಾಸ್ತರರ ಒಂದೊಂದೇ ಕಥೆ ಎದ್ದು, ಅಳುವ ನಡುವೆಯೇ ನಗು ಬಂತು.

ಅಣ್ಣ ಎಂಬತ್ತರ ಮುದುಕ. ಕೈಗಳು ವಾತ ಹಿಡಿದು ಸೊಟ್ಟಾಗಿವೆ, ಸನ್ನೆ ಮಾಡಲು ಬರುವುದಿಲ್ಲ. "ಏನ್ ನಗತಾರ ಅವ್ರು ಸತ್ತ ಮನ್ಯಾಗ? ನನ್ನ ಬಗ್ಗೆ ನಗತಾರೇನ್ರಿ?" ಎಂದು ನನ್ನನ್ನು ಕೇಳಿದ.

"ಇಲ್ರಿ. ಜಂಪರಿನ ಜಗಳ ಹೇಳಾಕತ್ತಾರ," ಎಂದೆ. ಅವನು ನಂಬಲಿಲ್ಲ. ಚಹಾದಂಗಡಿಯ ಮುಂದೆ ನಾನು ನಂಬದೆ ಇದ್ದ ಹಾಗೆಯೇ.

ಅಷ್ಟರಲ್ಲಿ ರೊಟ್ಟಿ ಅಕ್ಕ ಎದ್ದು ಹೊಸ್ತಿಲಿಗೆ ಬಂದಳು. ಮುದುಕನನ್ನು ತೋರಿಸಿ ನನಗೆ ಹೇಳಿದಳು: "ಕೇಳು. ಮುಂಡರಗಿ ಹುಡುಗಿ ಏನಂದಿದ್ಲು?"

ಕೇಳಿದೆ. ಮುದುಕ ಕಂಬದ ಕಡೆ ಮುಖ ತಿರುಗಿಸಿದ. ಆಮೇಲೆ ಬಾಯಿಬಿಟ್ಟ.

"ಒಪ್ಪಿಗಿ ಐತಿ ಅಂದಿದ್ಲು. ನನಗ ಈ ಕೈಮಾತು ಕಲಸ್ರಿ, ಆರು ತಿಂಗಳದಾಗ ಕಲೀತೀನಿ, ನಡುವ ಯಾರೂ ಬ್ಯಾಡ ಅಂದ್ಲು. ನಡುವ ಯಾರೂ ಬ್ಯಾಡ ಅಂದದ್ದು ನಂಗ ಚುಚ್ಚಿತು. ಅಲ್ಲೀತನಕ ಅವನ ಬಾಯಿ ನಾನ ಆಗಿದ್ದೆ. ಅಂವ ಹೊಲಿದ ಹೊಲಿಗೀ ಮ್ಯಾಲ ಮನಿ ನಡೀತಿತ್ತು. ನಾನ ಬ್ಯಾಡಂತ ಹೇಳಿ ಬಂದೆ." ಹೆಗಲ ಮೇಲಿನ ವಸ್ತ್ರ ಎಳೆದುಕೊಂಡು ತಗ್ಗಿದ ದನಿಯಲ್ಲಿ ಹೇಳಿದ, "ಇದನ್ನ ಅವ್ರಿಗೆ ಹೇಳಬ್ಯಾಡ್ರಿ. ನೆಪ್ಪಿಲ್ಲಂತ, ಏನಿಲ್ಲ ಅನ್ರಿ. ನೀವೂ ದಲಾಲಿ ಮಾಡಿದಾವ್ರು, ತಿಳೀತತಿ ನಿಮಗ."

ತಿಳಿಯುತ್ತಿತ್ತು. ಸತ್ತವರು ಸತ್ತರು, ಮುದುಕನೂ ಇವತ್ತೋ ನಾಳೆಯೋ, ಒಂದು ಏನಿಲ್ಲ ಎಂದರೆ ಎರಡೂ ಕಡೆ ಶಾಂತಿ. ಮೂವತ್ತು ವರ್ಷ ನಾನು ಮಾಡಿದ ವ್ಯವಹಾರವೆಲ್ಲ ಹಾಗೇ ಮುಗಿದದ್ದು. ಅಂಗಳದಲ್ಲಿ ಇಪ್ಪತ್ತು ಜನ ನನ್ನ ಕೈ ನೋಡುತ್ತಿದ್ದರು. ಮುದುಕನ ಬಾಯಿ ಎಷ್ಟು ಹೊತ್ತು ಆಡಿತು ಎಂದು ಅವರೆಲ್ಲ ಅಳೆದಿದ್ದರು.

ಕೈ ಎತ್ತಿದೆ. ಒಪ್ಪಿಗೆ ಎಂದಿದ್ದನ್ನು ಹೇಳಿದೆ. ಆರು ತಿಂಗಳು ಎಂದಿದ್ದನ್ನು, ನಡುವೆ ಯಾರೂ ಬೇಡ ಎಂದಿದ್ದನ್ನು, ಚುಚ್ಚಿತು ಎಂದಿದ್ದನ್ನು, ಹೊಲಿಗೆಯ ಮೇಲೆ ಮನೆ ನಡೆದದ್ದನ್ನು ಹೇಳಿದೆ. ಕೊನೆಗೆ, ಇದನ್ನು ನಿಮಗೆ ಹೇಳಬೇಡ ಎಂದ, ಏನಿಲ್ಲ ಅನ್ನು ಎಂದ, ಅದನ್ನೂ ಹೇಳಿದೆ. ಒಂದಿಂಚೂ ಬಿಡಲಿಲ್ಲ.

ಒಬ್ಬರ ಕೈಯೂ ಆಡಲಿಲ್ಲ. ಕೈಗಳು ನಿಂತಾಗ ಅಲ್ಲಿ ಆಗುವ ಮೌನ ಎಂಥದ್ದು ಎಂದು ಕಿವಿ ಕೇಳುವವರಿಗೆ ಹೇಳುವುದು ಕಷ್ಟ. ರೊಟ್ಟಿ ಅಕ್ಕ ಮುದುಕನ ಕಡೆ ನೋಡಿದಳು, ಬೈಯಲಿಲ್ಲ. ಕೊರಳ ಎರಡು ಬದಿಗೆ ಮುಷ್ಟಿ ಇಟ್ಟು ಟೇಪು ಜಗ್ಗಿ, ಆ ಕಾಣದ ಟೇಪನ್ನು ತೆಗೆದು ಸುತ್ತಿ ಹೊಸ್ತಿಲ ಮೇಲೆ ಇಟ್ಟು ಹೊರಟಳು. ಮುದುಕ, "ಹೇಳಿಬಿಟ್ರೇನ್ರಿ?" ಎಂದು ಕೇಳಿದ. "ಹೇಳಿದೆ. ಹೇಳಬ್ಯಾಡಂದದ್ದೂ ಹೇಳಿದೆ," ಎಂದೆ. ಅವನು ವಸ್ತ್ರದಿಂದ ಮುಖ ಮುಚ್ಚಿಕೊಂಡ. ಹಗುರಾದನೋ, ಶಪಿಸಿದನೋ, ನನಗೆ ಈಗಲೂ ಅನುಮಾನವಿದೆ.

ಬಸ್ಸಿನಲ್ಲಿ ಮೊಮ್ಮಗಳು ನನ್ನ ತೋಳು ಜಗ್ಗಿದಳು. ಎಂಟು ವರ್ಷದವಳು ಈಗ. ದೊಡ್ಡವರ ವೇಗದ ಕೈಮಾತು ಅವಳಿಗೆ ಅರ್ಧ ಹಿಡಿದಿತ್ತು, ಅರ್ಧ ಬಿಟ್ಟಿತ್ತು. ಎಡಗೈ ಮೇಲೆ ಬಲಗೈ ಹೊದಿಸಿದಳು, ಅದು ನನ್ನನ್ನು ಕರೆದದ್ದು. ಅವಳಿಗೆ ಅದರಲ್ಲಿ ಚೇಷ್ಟೆ ಇಲ್ಲ, ಅಜ್ಜ ಎಂದರೆ ಅದೇ. "ಆ ಮುದುಕ ಯಾಕ ಅತ್ತ? ಏನಂದ?" ಎಂದು ಕೇಳಿದಳು.

ಸಣ್ಣ ಕೂಸು, ಇಂಥ ಮಾತು ಯಾಕೆ ಎನಿಸಿತು. ನನ್ನ ಅಂಗೈ ಒಂದು ಸಲ ಅಲ್ಲಾಡಿಯೇ ಬಿಟ್ಟಿತು. ಎರಡನೆಯ ಸಲಕ್ಕೆ ಮುಂಚೆ ಅವಳ ಮುಖ ನೋಡಿದೆ. ಸಣ್ಣದಾಗಲು ತಯಾರಾಗಿತ್ತು. ಕೈ ತಡೆದೆ. ಟವೆಲನ್ನು ಚೀಲದೊಳಗೆ ತುರುಕಿ, ಅವಳ ಕಡೆಗೆ ಪೂರ್ತಿ ತಿರುಗಿ ಕುಳಿತು, ಮುಂಡರಗಿಯಿಂದ ಶುರು ಮಾಡಿದೆ. ಗದಗ ಬರುವವರೆಗೂ ಹೇಳಿದೆ.

ನಿಮ್ಮ ಮನೆಯಲ್ಲೋ ಓಣಿಯಲ್ಲೋ ಇಂಥವರಿದ್ದು, ನೀವು ಅವರ ಮಾತು ಕಲಿಯಲು ಹೋಗುವವರಿದ್ದರೆ, ಪುಕ್ಕಟೆ ಹೇಳುತ್ತೇನೆ, ಕೇಳಿ. ಯಾಕೆ ಬಂದೆ ಎಂದು ಮೊದಲ ದಿನವೇ ಹೇಳಿಬಿಡಿ. ಇದು ಎತ್ತಿನ ಸಂತೆಯಲ್ಲ. ಬೆಳಕು ನಿಮ್ಮ ಮುಖದ ಮೇಲೆ ಬೀಳುವಂತೆ ಕುಳಿತುಕೊಳ್ಳಿ, ಚಹಾದ ಗ್ಲಾಸು ಕೆಳಗಿಟ್ಟು ಮಾತಾಡಿ. ಕೇಳುವವನು ಇನ್ನೊಬ್ಬ ಬಂದರೆ ಅವನೊಂದಿಗೆ ಬಾಯಿಯಲ್ಲಿ ಆಡಿದ್ದನ್ನು ಅಲ್ಲಿಯೇ ಕೈಯಲ್ಲೂ ಆಡಿ. ಅವರು ನಿಮ್ಮನ್ನು ಸಂಶಯದಿಂದ ನೋಡುತ್ತಾರೆ, ನೋಡಲಿ, ಅವರಿಗೆ ಕಾರಣಗಳಿವೆ. ಚೇಷ್ಟೆಯ ಹೆಸರು ಇಟ್ಟರೆ ಇಟ್ಟುಕೊಳ್ಳಿ. ಬೇಕಾದ ಸನ್ನೆಗಳನ್ನೆಲ್ಲ ಕಲಿಯಿರಿ, ಅಂಗೈ ಎರಡು ಸಲ ಅಲ್ಲಾಡಿಸುವ ಆ ಒಂದನ್ನು ಮಾತ್ರ ಬಿಡಿ. ಅದು ಬಹಳ ಸುಲಭ. ನಮ್ಮ ಮನೆಯಲ್ಲಿ ಅದು ಎಲ್ಲರಿಗೂ ಮೊದಲೇ ಬರುತ್ತಿತ್ತು.